ಮಗುಚಿಟ್ಟ ಬಟ್ಟಲು

ಎದುರುಮನೆ ಅಮ್ಮನ ಬಲಗೈಯ ಎರಡು ಬೆರಳು ಸದಾ ನೆಂದು ಬೆಳ್ಳಗಿರುತ್ತಿದ್ದವು. ಕೆಚ್ಚಲು ಹಿಡಿಯಲು ಬಾರದ ಕರುಗಳಿಗೆ ಹಾಲಿನಲ್ಲಿ ಅದ್ದಿ ಚೀಪಿಸುತ್ತಿದ್ದ ಬೆರಳುಗಳು ಅವು. ಸಿಂಗಟಗೆರೆಯ ನಮ್ಮ ಬೀದಿ ನೆನೆದರೆ ಈಗಲೂ ಮೊದಲು ಕಾಣುವುದು ಅವೇ. ಆಮೇಲೆ ಮಂಜಿನಂತೆ ಕೊಟ್ಟಿಗೆಯ ಹೊಗೆ, ಕೊನೆಗೆ ಅಮ್ಮನ ಮುಖ. ಆ ಮನೆಯಲ್ಲಿ ಅವರು, ಅವರ ಯಜಮಾನರು, ದನಗಳು, ಅಷ್ಟೇ.

ಅವರ ಹಸು ಈದಿತೆಂದರೆ ಗಿಣ್ಣಿನ ಆಸೆಗೆ ಚೊಂಬು ಹಿಡಿದು ಓಡುತ್ತಿದ್ದೆ.

"ಮೊದ್ಲು ಕರ ಹೊಟ್ಟೆ ತುಂಬ ಕುಡೀಲಿ ಕಣೇ. ಈ ಹಳದಿ ಹಾಲು ಸಿಗದ ಕರ ಬಂದ ಕಾಯ್ಲೆಗೆಲ್ಲ ಮಲಗಿಬಿಡ್ತದೆ. ನಿನ್ ನಾಲ್ಗೆ ನಾಳೆವರೆಗೂ ಬದುಕಿರ್ತದೆ, ಹೋಗು," ಎನ್ನುತ್ತಿದ್ದರು.

ನಾನು ದುರಾಸೆಯ ಹುಡುಗಿ. ಕರುವನ್ನು ಕಂಡು ಹಲ್ಲು ಕಡಿಯುತ್ತಾ ಕೂರುತ್ತಿದ್ದೆ. ಅವರದು ಇನ್ನೊಂದು ವಿಚಿತ್ರವಿತ್ತು. ಹಿತ್ತಲಲ್ಲಿ ಅಷ್ಟು ತೆಂಗಿದ್ದರೂ ಬಾವಿ ಪಕ್ಕದ ಮರದ ಎಳನೀರು ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದರೆ ಸೆರಗು ಕೊಡವಿ ಎದ್ದುಬಿಡುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಎರಡನೆಯ ಹೆರಿಗೆಗೆ ತವರಿಗೆ ಬಂದೆ. ಮೊದಲ ಕೂಸು ಹುಟ್ಟಿದ ಹನ್ನೊಂದನೆಯ ದಿನಕ್ಕೇ ಜ್ವರದಲ್ಲಿ ತೀರಿಕೊಂಡಿತ್ತು. ಈ ಸಲ ಹುಟ್ಟಿದ ಹೆಣ್ಣು ಅಂಗೈಯಗಲ. ಇದೂ ಹೋದರೆ ನಾನು ಉಳಿಯುವುದಿಲ್ಲ ಎಂದುಕೊಂಡೇ ಮಲಗಿದ್ದೆ. ಸಾಂಬ್ರಾಣಿಯ ಹೊಗೆ, ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲು. ಎಚ್ಚರವೋ ಕನಸೋ ತಿಳಿಯದು. ಹೆತ್ತವ್ವ ಕಂಚಿನ ಬಟ್ಟಲು ತಂದಳು, ನನ್ನ ಮೊದಲ ಹಾಲು ಹಿಂಡಿ ಚೆಲ್ಲಲು. ಕೂಸಿಗೆ ಸಕ್ಕರೆ ನೀರು ಸಿದ್ಧವಾಗಿತ್ತು.

ಬಾಗಿಲಲ್ಲಿ ಎದುರುಮನೆ ಅಮ್ಮ ನಿಂತಿದ್ದರು. "ಅಕ್ಕಾ, ಹಿಂಡಬೇಡಿ."

"ಮೂರು ದಿನದ ಹಾಲು ಕೆಟ್ಟದ್ದು ಕಣ್ರೀ. ನಮ್ಮತ್ತೆ ಕಾಲದಿಂದ ಚೆಲ್ತಾನೇ ಬಂದಿದೀವಿ," ಎಂದಳು ಅವ್ವ.

"ನಾನೂ ಚೆಲ್ದೆ. ಮೂರು ಕೂಸಿನ ಹಾಲೂ ಬಾವಿ ಪಕ್ಕದ ತೆಂಗಿನ ಬುಡಕ್ಕೆ ಚೆಲ್ದೆ. ಒಂದಕ್ಕೂ ತಿಂಗಳು ತುಂಬಲಿಲ್ಲ." ಅಮ್ಮನ ದನಿ ಏರಲಿಲ್ಲ. "ಯಾವ ಕರಕ್ಕೂ ಆ ಹಾಲು ತಪ್ಪಿಸ್ದೋಳಲ್ಲ ನಾನು. ನನ್ನ ಮಕ್ಕಳಿಗೆ ತಪ್ಪಿಸ್ದೆ."

ಅವ್ವನ ಕೈಯಿಂದ ಬಟ್ಟಲು ಇಸಿದುಕೊಂಡು ಗೂಡಿನಲ್ಲಿ ಮಗುಚಿಟ್ಟರು. ಕೈ ತೊಳೆದು, ಬೆರಳಿಗೆ ನನ್ನ ಹಾಲು ಸವರಿಕೊಂಡು ಕೂಸಿನ ತುಟಿಗಿಟ್ಟರು. ಚೀಪಿತು. ಆಮೇಲೆ ಎದೆಗೆ ಹಿಡಿಸಿದರು. ಅವ್ವ ಗೋಡೆಗೊರಗಿ ಅತ್ತಳು. ಮೊದಲ ಕೂಸಿನ ಹಾಲು ಹಿಂಡಿದ್ದೂ ಅವಳೇ.

ಆ ಹಾಲೇ ಉಳಿಸಿತೋ, ಕೂಸಿನ ಆಯುಸ್ಸೇ ಗಟ್ಟಿಯಿತ್ತೋ, ನಾನು ವಾದಕ್ಕೆ ನಿಲ್ಲುವುದಿಲ್ಲ. ಮಗಳು ಬದುಕಿದಳು. ಮುಂದೊಮ್ಮೆ ಕಡೂರಿನಲ್ಲಿ ನರ್ಸೊಬ್ಬರು ಮೊದಲ ಹಾಲೇ ಕೂಸಿನ ಮೊದಲ ಲಸಿಕೆ ಎಂದಾಗ, ಇದನ್ನು ಕೊಟ್ಟಿಗೆಯಲ್ಲೇ ಕೇಳಿದ್ದೇನಲ್ಲ ಅನ್ನಿಸಿತು. ಮಗಳು ಜಡೆ ಹಾಕಿಸಿಕೊಂಡು ಶಾಲೆಗೆ ಹೊರಟಾಗಲೆಲ್ಲ ತವರಿನ ಎದುರುಮನೆಯ ಕಡೆಗೊಮ್ಮೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಅದು ತೀರುವ ಋಣವಲ್ಲ.

ಎಂಬತ್ತರ ದಶಕದಲ್ಲಿ ಎದುರುಮನೆ ಅಮ್ಮ ಹಾಸಿಗೆ ಹಿಡಿದರು. ಅದೇ ವಾರ ನನ್ನ ತಂಗಿ ತವರಿನಲ್ಲಿ ಹೆತ್ತಳು. ಬಾಣಂತನಕ್ಕೆಂದು ಬಂದಿದ್ದ ನಾನು ಸುದ್ದಿ ಹೇಳಲು ಬೀದಿ ದಾಟಿದೆ. ಗಂಡೋ ಹೆಣ್ಣೋ ಅವರು ಕೇಳಲಿಲ್ಲ.

"ಬಟ್ಟಲು?"

"ಮಗುಚಿಟ್ಟಿದೀನಮ್ಮ. ಕೂಸು ಕುಡೀತಿದೆ."

ಹಿತ್ತಲ ಕಡೆಗೆ ಮುಖ ಹೊರಳಿಸಿದರು. ಆಮೇಲೆ, "ಬಾವಿ ಪಕ್ಕದ ಮರದ್ದು ಒಂದು ಎಳನೀರು ಕೀಳಿಸ್ಕೊಂಡು ಬಾ," ಎಂದರು.

ತಲೆಯೆತ್ತಿ ಹಿಡಿದು ಕುಡಿಸಿದೆ. ಮೂರೇ ಗುಟುಕು.

"ಸಿಹಿಯಾಗೈತೆ ಕಣೇ," ಎಂದರು. ಮರುದಿನ ಬೆಳಗ್ಗೆ ಹೋದರು.