ಹನ್ನೊಂದು ವಾಲ್ವುಗಳ ಬೈರಣ್ಣ

ಪುಟ್ಟೇನಹಳ್ಳಿಯ ಬೈರಣ್ಣನವರು ಹತ್ತೊಂಬತ್ತು ವರ್ಷಗಳಿಂದ ಒಂದು ದಿನಕ್ಕೂ ಊರು ಬಿಟ್ಟವರಲ್ಲ. ಕಾರಣ ಅವರ ಮನೆ. ಹಿಂದೆ ಅವರೆಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆಗೆ ಜನ ಬಂದಂತೆಲ್ಲ ಮಹಡಿ ಎದ್ದು, ಒಟ್ಟು ನಾಲ್ಕಾದವು. ಒಂದೊಂದಕ್ಕೂ ಒಬ್ಬೊಬ್ಬ ಪ್ಲಂಬರ್ ಬಂದು, ಹಿಂದಿನವನನ್ನು ಬೈದು, ತನ್ನದೇ ಪೈಪು ಎಳೆದು ಹೋದ. ಅಷ್ಟನ್ನೂ ಬಿಚ್ಚಿ ನೆಟ್ಟಗೆ ಮಾಡಿದರೆ ಮೈಸೂರು ಮುಟ್ಟಿ, ಕಾಫಿ ಕುಡಿದು ವಾಪಸು ಬರುತ್ತದೆ. ವಾಲ್ವುಗಳು ಹನ್ನೊಂದು. ಯಾವುದನ್ನು ಯಾವಾಗ ತಿರುಗಿಸಬೇಕೆಂಬುದು ಬೈರಣ್ಣನವರ ತಲೆಯಲ್ಲಿ ಮಾತ್ರ ಇತ್ತು. ಒಮ್ಮೆ ಅವರಿಗೆ ಜ್ವರ ಬಂದಾಗ ಮೇಲಿನವರು ಎಳನೀರಲ್ಲಿ ಮುಖ ತೊಳೆದರು. ಕೆಳಗಿನವರ ಅಡುಗೆಮನೆಯಲ್ಲಿ ಮೀನು ಮರಿ ಹಾಕಿತು.

ಅವರ ಹೆಂಡತಿ ಅಕ್ಕಯಮ್ಮನವರಿಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡುವುದು. ಈ ಸಲ ಮುರುಡೇಶ್ವರದ ಬಸ್ಸಿಗೆ ಎರಡು ಟಿಕೆಟ್ ತಂದೇಬಿಟ್ಟರು.

"ಮುಂದಿನ ಶುಕ್ರವಾರ ನಾನಂತೂ ಹೊರಟೆ. ನೀವು ವಾಲ್ವ್ ಜೊತೆ ಸಂಸಾರ ಮಾಡ್ಕಂಡಿರಿ. ನಿಮ್ಮ ಸೀಟಲ್ಲಿ ಬ್ಯಾಗ್ ಕೂರ್ಸ್ತೀನಿ!"

ಬೈರಣ್ಣನವರು ವಾಲ್ವುಗಳ ಮುಂದೆ ತಲೆ ಮೇಲೆ ಕೈ ಹೊತ್ತು ಕೂತರು. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ, ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುವ ಹೇಮಶ್ರೀ ಧೈರ್ಯ ಹೇಳಿದಳು. "ಅಂಕಲ್, ನಕ್ಷೆ ಬರೆದಿಟ್ಟು ಹೋಗಿ, ನಾವೇ ತಿರುಗಿಸ್ಕೋತೀವಿ. ನಕ್ಷೆಗೆ ಫ್ರೀ ಸಾಫ್ಟ್‌ವೇರ್ ಬೇಕಾದಷ್ಟಿದೆ. ಒಳಗಡೆ ಏನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು."

"ಬಿಚ್ಚಿ ನೋಡ್ಬೋದಾ? ನಮ್ಮ ಗೋಡೆಗಿಂತ ವಾಸಿ ಬಿಡು," ಎಂದು ಬೈರಣ್ಣನವರು ಅವಳ ಕಂಪ್ಯೂಟರ್ ಮುಂದೆ ಕುಳಿತರು.

ಮೊದಲು ಚಿತ್ರ ಬರೆಯುವ ಇಂಕ್‌ಸ್ಕೇಪ್. ಚೆಂದವೆಂದರೆ ಚೆಂದ. ಒಂದನೇ ವಾಲ್ವಿಗೆ ನೆರಳು, ಹೊಳಪು, ಬಂಗಾರದ ಅಂಚು ಹಾಕುವಷ್ಟರಲ್ಲಿ ಎರಡು ದಿನ ಹೋಯಿತು. "ಇದು ಮದ್ವೆ ಪತ್ರಿಕೆಗೆ ಸರಿ ಕಣಮ್ಮ."

ಆಮೇಲೆ ಗ್ರಾಫ್‌ವಿಜ್. ಅದರಲ್ಲಿ ಕೈಯಲ್ಲಿ ಎಳೆಯುವುದೇ ಬೇಡ. ನೀರು ಎಲ್ಲಿಂದ ಎಲ್ಲಿಗೆ ಎಂದು ಬರೆದರೆ ಚಿತ್ರವನ್ನು ಅದೇ ಜೋಡಿಸುತ್ತದೆ. ನೆಲದಡಿಯ ಸಂಪಿನಿಂದ ತಾರಸಿಯ ಟ್ಯಾಂಕಿಗೆ ಎಂದು ಬರೆದರು. ಮೊದಲು ಹೇಳಿದ್ದು ಮೇಲೆ ತಾನೇ? ಸಂಪು ಆಕಾಶಕ್ಕೇರಿತು, ಟ್ಯಾಂಕು ಪಾತಾಳಕ್ಕಿಳಿಯಿತು.

"ಅಯ್ಯಯ್ಯೋ, ನಮ್ಮ ನಾಲ್ಕು ಪ್ಲಂಬರ್‌ಗಳಿಗೂ ಗುರು ಇವ್ನು!"

"ಒಂದು ಸಾಲು ಸೇರಿಸಿದ್ರೆ ನೆಟ್ಟಗಾಗುತ್ತೆ ಅಂಕಲ್."

"ಬ್ಯಾಡ. ಐದನೇ ಪ್ಲಂಬರ್ ಬ್ಯಾಡ."

ಕೊನೆಗೆ ಇಂಥ ನಕ್ಷೆಗೆಂದೇ ಇರುವ ಡಯಾ. ನೋಡಲು ಹಳೇ ಸ್ಕೂಟರಿನಂತೆ. ಆದರೆ ವಾಲ್ವನ್ನು ಎತ್ತ ಸರಿಸಿದರೂ ಅದಕ್ಕೆ ಸೇರಿದ ಪೈಪಿನ ಗೆರೆ ಕಚ್ಚಿಕೊಂಡೇ ಬಂತು.

"ಬಿಡ್ತಾನೇ ಇಲ್ಲ ನೋಡು! ನಮ್ಮನೇವ್ಳ ಹಠ ಇದ್ದಂಗೆ!"

ಹತ್ತು ವಾಲ್ವುಗಳಿಗೆ ಗೆರೆ ಬಿತ್ತು. ಏಳನೆಯದಕ್ಕೆ ಮಾತ್ರ ಎಲ್ಲಿಗೆ ಎಳೆಯಬೇಕೋ ತಿಳಿಯಲಿಲ್ಲ. ಬೈರಣ್ಣನವರು ಕೆಳಗಿಳಿದು ಗೋಡೆ ಕೆರೆದು ನೋಡಿದರು. ಪೈಪು ಗೇಣುದ್ದ ಹೋಗಿ, ಬೂಚು ಹಾಕಿಸಿಕೊಂಡು, ನೆಮ್ಮದಿಯಾಗಿ ಕೂತಿತ್ತು! ಅದನ್ನು ಇಷ್ಟು ವರ್ಷ ದಿನಾ ಬೆಳಿಗ್ಗೆ ಐದಕ್ಕೆದ್ದು ಭಕ್ತಿಯಿಂದ ತಿರುಗಿಸಿದ್ದರು.

ನಕ್ಷೆ ಸಂಪಿನ ಪಕ್ಕ ಅಂಟಿತು. ಬ್ಯಾಗಿಗೆ ಸೀಟು ತಪ್ಪಿತು.

ಶನಿವಾರ ಬೆಳಿಗ್ಗೆ ಮುರುಡೇಶ್ವರದ ಮರಳಿನ ಮೇಲೆ ಫೋನ್ ಬಂತು. "ಅಂಕಲ್, ಎಲ್ಲಾ ಮನೆಗೂ ನೀರು ಬಂತು! ಏಳನೇದೂ ತಿರುಗಿಸ್ಲಾ?"

"ತಿರುಗ್ಸಮ್ಮ, ಪಾಪ. ಇಲ್ದಿದ್ರೆ ಬೇಜಾರ್ ಮಾಡ್ಕತದೆ."

ಅಕ್ಕಯಮ್ಮನವರು ಸೀರೆ ಎತ್ತಿ ಹಿಡಿದು ಅಲೆಯಲ್ಲಿ ನಿಂತಿದ್ದರು. ಬಹಳ ಹೊತ್ತು ನೋಡಿ, "ರೀ, ಇಷ್ಟೊಂದ್ ನೀರು! ಯಾವ ವಾಲ್ವ್ ಬಿಟ್ಟು ಮರ್ತ್‌ಬಿಟ್ರಿ?" ಎಂದರು.

"ಏಳನೇದು ಕಣೇ."