ಹುಣಸೆ ದಿಮ್ಮಿಯ ಮೊಳೆಗಳು

ನನಗೆ ದೆವ್ವ ಹಿಡಿದಿರಲಿಲ್ಲ. ಬಾಯಿ ಇತ್ತು, ಅಷ್ಟೇ. ಹೊನ್ನೂರಿಗೆ ಸೊಸೆಯಾಗಿ ಹೋದ ಹೊಸತರಲ್ಲಿ ಅತ್ತೆ ಒಂದಂದರೆ ನಾನು ಎರಡನ್ನುತ್ತಿದ್ದೆ. ಮಾತಾಡುವುದು ಇವಳಲ್ಲ, ಇವಳ ಮೈಮೇಲೆ ಬಂದಿರುವುದು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಕೆರೆ ಏರಿಯ ಹುಣಸೆಮರಕ್ಕೆ ನನ್ನನ್ನು ಒರಗಿಸಿ, ಕೂದಲನ್ನು ಮೊಳೆಗೆ ಸುತ್ತಿ ಮರಕ್ಕೆ ಬಡಿದು, ಆಮೇಲೆ ಕತ್ತರಿಸಿ ಬಿಡಿಸಿದರು. ದೆವ್ವ ಮರದಲ್ಲೇ ಉಳಿಯಿತಂತೆ. ನಾನು ಮಾತ್ರ ಆ ಮನೆಯಲ್ಲಿ ಉಳಿಯದೆ ಮುಳ್ಳೂರಿನ ತವರಿಗೆ ಬಂದೆ.

ಕೊಳ್ಳೇಗಾಲದ ಮರ ಕೊಯ್ಯುವ ಮಿಷನ್ನಿಗೆ ಹೊಟ್ಟು ಗುಡಿಸಲು ಸೇರಿದೆ. ಗುಡಿಸುತ್ತಲೇ, ಬ್ಲೇಡಿನ ಬಳಿ ನಿಂತು ಮರ ಕೊಯ್ಯುವ ಮೇಸ್ತ್ರಿಯ ಕೈಯನ್ನು ನೋಡುತ್ತಿದ್ದೆ. ಒಂದು ದಿನ ಅವರೇ "ನೋಡಿದ್ದು ಸಾಕು, ಬಂದು ಇಡ್ಕ" ಎಂದು ಕರೆದರು. ಹಾಗೆ ಕೆಲಸ ಕಲಿಯತೊಡಗಿದೆ.

"ಮರದೊಳ್ಗೆ ಕಬ್ಬಿಣ ಇದ್ರೆ ಬ್ಲೇಡ್ ಕಿತ್ಕಂಡ್ ಬತ್ತದೆ. ಯಾರ್ ಮಕ ಅಂತ ನೋಡಕಿಲ್ಲ ಕಣವ್ವ" ಎನ್ನುವುದು ಮೊದಲ ಪಾಠ. ಅವರ ಎಡಗಿವಿ ಅರ್ಧ ಹೋಗಿದ್ದು ಹಾಗೆಯೇ.

ನನ್ನ ಮೊಳೆಯ ವಿಷಯ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳಲಿ? ದಿಮ್ಮಿಯ ಟ್ರಾಲಿಯನ್ನು ಬ್ಲೇಡಿನತ್ತ ತಳ್ಳುವವನು ಅಮಾವಾಸ್ಯೆಗೆ ನಿಂಬೆಹಣ್ಣು ಕೊಯ್ಯದೆ ಮಿಷನ್ ಮುಟ್ಟುವವನಲ್ಲ. "ಗಾಳಿ ಸೋಕ್ದೋರು ಮುಟ್ಟುದ್ರೆ ಮಿಷನ್ ರಕ್ತ ಕೇಳ್ತದೆ" ಎಂದು ಊಟದ ಹೊತ್ತಿನಲ್ಲಿ ಅವನೇ ಹೇಳಿದ್ದ. ಗೊತ್ತಾದರೆ ಮತ್ತೆ ಪೊರಕೆಯೇ ಗತಿ, ಅದೂ ಕೊಟ್ಟರೆ.

ಆ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಒಂದು ಹುಣಸೆ ದಿಮ್ಮಿ ಟ್ರಾಲಿ ಏರಿ, ಬ್ಲೇಡು ಅದರ ತುದಿಗೆ ಇಳಿದಿತ್ತು. ಮರ ತಂದ ಟ್ರ್ಯಾಕ್ಟರಿನವನು ಪಕ್ಕದಲ್ಲಿ ಟೀ ಕುಡಿಯುತ್ತಿದ್ದ. ಎಲ್ಲಿಯ ಮರ ಎಂದು ಸದ್ದಿನ ನಡುವೆ ಕೂಗಿ ಕೇಳಿದೆ.

"ಒನ್ನೂರ್ದು ಕಣಕ್ಕ. ಕೆರೆ ಏರಿ ಮೇಲಿತ್ತಲ್ಲ, ರೋಡ್ ಅಗ್ಲ ಮಾಡಕೆ ಕಡುದ್ರು."

ಅದೇ ಮರ. ಇದು ಮೊಳೆಯಿಲ್ಲದ ಮೇಲಿನ ತುಂಡಿದ್ದರೂ ಇರಬಹುದು, ಸುಮ್ಮನಿರು ಎಂದುಕೊಂಡೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ದಿಮ್ಮಿ ಮುಂದೆ ಸರಿಯುತ್ತಲೇ ಇತ್ತು. ನಡುವಿನಲ್ಲಿ ಏನನ್ನೋ ನುಂಗಿದಂತೆ ತೊಗಟೆ ಉಬ್ಬಿದ್ದು ಕಂಡಿತು. ಮೇಸ್ತ್ರಿ ಬ್ಲೇಡಿನತ್ತ ಬಗ್ಗಿದ್ದರು, ಅರ್ಧ ಕಿವಿ ನನ್ನ ಕಡೆಗಿತ್ತು. ಓಡಿಹೋಗಿ ಮಿಷನ್ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ. ಅಲ್ಲಿ ಅದನ್ನು ಅವರ ಹೊರತು ಯಾರೂ ಮುಟ್ಟುವಂತಿಲ್ಲ.

"ಯಾರ್ ಏಳುದ್ರು ನಿಂಗೆ?" ಮೇಸ್ತ್ರಿ ಕೆಂಡವಾಗಿದ್ದರು.

"ಮೊಳೆ ಅವೆ ಸಾ ಇದ್ರಲ್ಲಿ."

"ನಿಂಗೆಂಗೊತ್ತು?"

"ಒಂದು ನಂದೇಯ. ನನ್ ಕೂದ್ಲು ಸುತ್ತಿ ಒಡುದ್ರು."

ಟ್ರಾಲಿಯವನು ಟ್ರಾಲಿಯಿಂದ ಕೈ ತೆಗೆದ. "ಇವ್ಳ ಜೊತೆ ನಾ ನಿಂತ್ಕಳಕಿಲ್ಲ" ಎಂದ.

ಮೇಸ್ತ್ರಿ ಕೊಡಲಿ ತೆಗೆದುಕೊಂಡು ತೊಗಟೆ ಕೆತ್ತತೊಡಗಿದರು. ಮೊದಲು ಬರೀ ಮರ. ಇನ್ನಷ್ಟು ಕೆತ್ತಿದರು, ಆಗಲೂ ಬರೀ ಮರ. ಆಮೇಲೆ ಕೊಡಲಿ ಠಣ್ ಎಂದಿತು. ಬ್ಲೇಡು ನಿಂತ ಜಾಗದಿಂದ ಆ ಮೊಳೆ ಒಂದೇ ಗೇಣು. ಅದರ ಪಕ್ಕದಲ್ಲಿ ಇನ್ನೊಂದು, ಮೇಲೆ ಮತ್ತೊಂದು, ಸುತ್ತಲೂ ಮೊಳೆಗಳೇ. ನನ್ನಂಥ ಬಾಯಿಯವರು ಆ ಊರಿಗೆ ಎಷ್ಟು ಜನ ಸೊಸೆಯಾಗಿ ಬಂದಿದ್ದರೋ.

ಮೇಸ್ತ್ರಿ ಇಕ್ಕಳ ಚಾಚಿದರು. "ನಿಂದ್ಯಾವ್ದು?"

ಬಗ್ಗಿ ನೋಡಿದೆ. ಎಲ್ಲವೂ ಒಂದೇ ಥರ ತುಕ್ಕು ಹಿಡಿದಿದ್ದವು. ಯಾವುದರಲ್ಲೂ ಕೂದಲು ಉಳಿದಿರಲಿಲ್ಲ.

"ಗೊತ್ತಾಯ್ತಿಲ್ಲ ಸಾ."

"ಅಂಗಾರೆ ಎಲ್ಲಾನೂ ಕೀಳು."

ಎಲ್ಲವನ್ನೂ ಕಿತ್ತೆ. ಟ್ರಾಲಿಯವನು ಹೊರಗೆ ಹೋಗಿ ನಿಂತಿದ್ದ. ಮೇಸ್ತ್ರಿ ತಾವೇ ಹೋಗಿ ಟ್ರಾಲಿ ಹಿಡಿದು, "ಸ್ವಿಚ್ ಆಕವ್ವ" ಎಂದರು. ಸ್ವಿಚ್ ಹಾಕಿ, ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತೆ.