ಮಗ್ಗುಲು ಬದಲಿಸಿದ ಬೆಟ್ಟ

ನನ್ನ ತಮ್ಮ ಸೆವೆರಿನ್ ಬೇಸಿಗೆಯಲ್ಲಿ ಮನೆಗಳಿಗೆ ತಗಡಿನ ಮಾಡು ಹೊದಿಸುತ್ತಾನೆ, ಚಳಿಗಾಲದಲ್ಲಿ ಸ್ಕೀ ಸಿನಿಮಾ ತೆಗೆಯುತ್ತಾನೆ. ಎರಡರಲ್ಲಿ ಯಾವುದು ಕಸುಬು, ಯಾವುದು ಚಟ ಎಂದು ಕೇಳಿದರೆ ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾಡು ಸೋರುವವರ ಉತ್ತರ ಸ್ವಲ್ಪ ಖಾರವಾಗಿರುತ್ತದೆ.

ವರ್ಷಕ್ಕೊಂದು ಸಿನಿಮಾ. ಕಥೆ ಇಲ್ಲ, ಹಾಡಿಲ್ಲ, ರೀಲಿನಲ್ಲಿ ಧ್ವನಿಯೂ ಇಲ್ಲ. ಬೆಟ್ಟ, ಹಿಮ, ಮೇಲಿಂದ ಕೆಳಗೆ ಜಾರುವ ನಮ್ಮೂರಿನ ಜನ, ಅಷ್ಟೇ. ದನಗಳು ಮೇಲಿನ ಹುಲ್ಲುಗಾವಲಿನಿಂದ ಇಳಿದು ಬಂದ ಮೇಲೆ, ಮೊದಲ ಹಿಮ ಬೀಳುವ ತನಕ, ನಮ್ಮ ಕಡೆ ಯಾರಿಗೂ ಕೈತುಂಬ ಕೆಲಸವಿರುವುದಿಲ್ಲ. ಆ ಹೊತ್ತು ನೋಡಿ ಅವನು ವ್ಯಾನಿಗೆ ಪ್ರೊಜೆಕ್ಟರ್ ಹೇರಿಕೊಂಡು ಕಣಿವೆ ಕಣಿವೆ ತಿರುಗುತ್ತಾನೆ. ಪೋಸ್ಟರು ಬರೆಯುವವನೂ ಅವನೇ, ಮಾಡಿಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ. ಮೈದಾ ಅಂಟು ಕಾಯಿಸಿಕೊಡುವವಳು ನಾನು. ಬೇಕರಿ, ಕ್ಷೌರದಂಗಡಿ, ಹಾಲಿನ ಡೈರಿ, ಎಲ್ಲಿ ಜನ ಸುಮ್ಮನೆ ನಿಲ್ಲುತ್ತಾರೋ ಅಲ್ಲೆಲ್ಲ ಅಂಟಿಸುತ್ತಾನೆ. ಒಮ್ಮೆ ಪಕ್ಕದೂರಿನ ಶವಪೆಟ್ಟಿಗೆ ಅಂಗಡಿಯ ಗಾಜಿಗೂ ಅಂಟಿಸಿ ಬಂದಿದ್ದ. ಅಲ್ಲಿಗೆ ಬಂದವರಿಗೆ ಅವಸರವಿರುವುದಿಲ್ಲ ಎಂಬುದು ಅವನ ವಾದ.

ಸಿನಿಮಾ ನಡೆಯುವಾಗ ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು, ಕ್ಯಾಸೆಟ್ಟಿನಲ್ಲಿ ಅಕಾರ್ಡಿಯನ್ ಹಚ್ಚಿ, ತಾನೇ ಮಾತಾಡುತ್ತಾನೆ. ಮಾತಾಡುತ್ತಾನೆ ಎಂದರೆ ಹೆಚ್ಚಾಯಿತು. "ಇದು ಬೆಳಗ್ಗೆ," ಎನ್ನುತ್ತಾನೆ. ಬಹಳ ಹೊತ್ತಾದ ಮೇಲೆ, "ಇವ್ನು ನಮ್ಮ ಬೇಕರಿಯವ್ನು, ಈಗ ಬೀಳ್ತಾನೆ," ಎನ್ನುತ್ತಾನೆ. ಬೇಕರಿಯವನು ಬೀಳುತ್ತಾನೆ. ಒಂದು ವರ್ಷ ಯಾವುದೋ ಕಾರ್ಖಾನೆಯವರು ಎಲ್ಲರಿಗೂ ಪುಕ್ಕಟೆ ಕೈಗವಸು ಕೊಟ್ಟಿದ್ದರು, ಗವಸು ಚೆನ್ನಾಗಿ ಕಾಣಬೇಕು ಎಂಬ ಷರತ್ತಿನ ಮೇಲೆ. ಆ ವರ್ಷದ ಸಿನಿಮಾದಲ್ಲಿ ನಮ್ಮೂರಿನವರೆಲ್ಲ ಪೊಲೀಸರಿಗೆ ಶರಣಾದವರ ಹಾಗೆ ಕೈ ಮೇಲೆತ್ತಿಕೊಂಡು ಬೆಟ್ಟ ಇಳಿದರು.

ಈ ಸಿನಿಮಾಗಳಲ್ಲಿ ಒಮ್ಮೆಯೂ ಕಾಣದವನು ಯೋಡೋಕ್. ಊರಿನ ಸ್ಕೀ ಲಿಫ್ಟ್ ನಡೆಸುವವನು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರಿಗೂ ಸ್ಕೀ ಕಲಿಸಿದವನು, ಸೆವೆರಿನ್‌ಗೆ ಬೂಟಿನ ದಾರ ಕಟ್ಟುವುದರಿಂದ ಹಿಡಿದು. ಅವನಷ್ಟು ಚೆಂದ ಇಳಿಯುವವರು ಈ ಕಣಿವೆಯಲ್ಲಿ ಇಲ್ಲ. ಸೆವೆರಿನ್ ಪ್ರತಿ ವರ್ಷ ಕೇಳುತ್ತಿದ್ದ, ಅವನು ಪ್ರತಿ ವರ್ಷ, ದನ ಮೇಯೋದನ್ನೂ ಸಿನಿಮಾ ತೆಗೀತೀಯೇನೋ ಎಂದು ಓಡಿಸುತ್ತಿದ್ದ.

ಒಂದು ಫೆಬ್ರವರಿಯಲ್ಲಿ ಅವನೇ ತಮ್ಮನ ಮನೆಗೆ ಬಂದ. ಬಲಗಾಲಿನ ಮಂಡಿ ಸವೆದುಹೋಗಿತ್ತು. ವಸಂತದಲ್ಲಿ ಅದನ್ನು ಕೊಯ್ದು ಸರಿ ಮಾಡುತ್ತಾರೆ, ಆಮೇಲೆ ನಡೆಯಬಹುದು, ಸ್ಕೀ ಮಾತ್ರ ಇಲ್ಲ ಎಂದು ಪೇಟೆಯ ಡಾಕ್ಟರು ಹೇಳಿಬಿಟ್ಟಿದ್ದರು.

"ಒಂದ್ಸಲ ತೆಗಿ. ಮೇಲೆ, ನನ್ನ ಜಾಗದಲ್ಲಿ," ಎಂದನಂತೆ. "ಆದ್ರೆ ಎಲ್ಲಿ ಅಂತ ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ನನ್ನ ಬಾಗ್ಲಿಗೆ ಬರ್ಬೇಡ."

ಇದು ಬರಿ ಬೆದರಿಕೆಯಲ್ಲ. ಹೊಸ ಹಿಮ ಒಳ್ಳೆಯದಾಗಿ ಕೂರುವ ಇಳಿಜಾರು ಎಲ್ಲಿದೆ ಎಂಬುದನ್ನು ನಮ್ಮಲ್ಲಿ ಹೆಂಡತಿಗೂ ಹೇಳುವುದಿಲ್ಲ. ದುಡ್ಡು ಎಲ್ಲಿಟ್ಟಿದ್ದೀಯ ಎಂದು ಕೇಳಬಹುದು, ನಿನ್ನೆ ಎಲ್ಲಿ ಇಳಿದೆ ಎಂದು ಕೇಳುವಂತಿಲ್ಲ. ಯೋಡೋಕ್ ತನ್ನ ಜಾಗವನ್ನು ಹುಡುಗನಾಗಿದ್ದಾಗ ಕಂಡುಕೊಂಡಿದ್ದ. ಈಗ ಮೊದಲ ಬಾರಿಗೆ ಇನ್ನೊಬ್ಬನನ್ನು ಕರೆದುಕೊಂಡು ಹೋಗುವವನಿದ್ದ. ಸೆವೆರಿನ್ ಕೈಮೇಲೆ ಕೈ ಹಾಕಿ ಮಾತು ಕೊಟ್ಟ. ಇದನ್ನೆಲ್ಲ ನನಗೆ ಹೇಳಿದ, ಜಾಗವೊಂದನ್ನು ಬಿಟ್ಟು. ನಾನೂ ಕೇಳಲಿಲ್ಲ.

ಲ್ಯಾಬಿನಿಂದ ತೊಳೆದ ರೀಲು ಬಂದ ದಿನ ಅವನು ತಗಡಿನ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ನೋಡಿದ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ತೆಗೆದಿಲ್ಲ, ಆದರೆ ತೋರಿಸುವ ಹಾಗಿಲ್ಲ ಎಂದ. ಯೋಡೋಕ್‌ನ ಹಿಂದೆ ಮೊರ್ಡೀನ ಶಿಖರ ಕಾಣುತ್ತಿತ್ತು. ಅದರ ಬಲ ಭುಜದಲ್ಲಿ ಮುರಿದ ಹಲ್ಲಿನಂಥ ಸಂದು ಇದೆ. ಕಣಿವೆಯಲ್ಲಿ ಹುಟ್ಟಿದ ಯಾವ ಮಗುವಾದರೂ ಅದನ್ನು ನೋಡಿ ಜಾಗ ಹೇಳಿಬಿಡುತ್ತದೆ.

ಬೇಸಿಗೆಯೆಲ್ಲ ಮಾಡುಗಳ ಮೇಲೆ ಕೂತು ಯೋಚಿಸಿದ. ಆ ವರ್ಷ ಹೊದಿಸಿದ ಮಾಡುಗಳೇ ಈಗಲೂ ಹೆಚ್ಚು ಸೋರುವುದು. ಕೊನೆಗೆ ದಾರಿ ಹೊಳೆಯಿತು. ಯೋಡೋಕ್ ಇಳಿಯುವಷ್ಟು ಉದ್ದದ ಫಿಲ್ಮನ್ನು ಕತ್ತರಿಸಿ, ಮಗುಚಿ, ಮತ್ತೆ ಅಂಟಿಸಿದ. ಎಡ ಬಲವಾಯಿತು, ಬಲ ಎಡವಾಯಿತು. ಮೊರ್ಡೀನ ಹೋಗಿ ಹೆಸರಿಲ್ಲದ ಇನ್ನೊಂದು ಬೆಟ್ಟ ಬಂತು. ಇಂಥ ಬುದ್ಧಿ ನಮ್ಮ ವಂಶದಲ್ಲೂ ಇದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು.

ಹೊರಗಿನ ಊರುಗಳಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದರು. ಎಲ್ಲಿ ಎಂದು ಕೇಳಿದವರಿಗೆ ಸ್ವಿಟ್ಜರ್ಲೆಂಡ್ ಎಂದ. ಗಡಿ ಹೇಗೂ ಬೆಟ್ಟದ ಆಚೆಗೇ ಇದೆ. ಕೊನೆಯ ಆಟ ಯಾವಾಗಲೂ ನಮ್ಮೂರಿನಲ್ಲಿ, ನನ್ನ ಹೋಟೆಲಿನ ಹಾಲ್‌ನಲ್ಲಿ. ಮುಂದಿನ ಸಾಲಿನಲ್ಲಿ ಯೋಡೋಕ್ ಕೊಯ್ಸಿಕೊಂಡ ಕಾಲು ನೀಡಿಕೊಂಡು, ಮದುವೆಗೆ ಹಾಕುವ ಕೋಟು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಹೊಸದಾಗಿ ಬಂದಿದ್ದ ಪಾದ್ರಿ, ಪೋಲೆಂಡಿನ ಬಯಲು ಸೀಮೆಯ ಫಾದರ್ ಮಾರೆಕ್.

ನಾನು ಕೌಂಟರಿನಲ್ಲಿ ಪರದೆಗೆ ಬೆನ್ನು ಹಾಕಿ ಬಿಯರ್ ತುಂಬಿಸುತ್ತಿದ್ದೆ. ಬಾಟಲಿಗಳ ಹಿಂದೆ ದೊಡ್ಡ ಕನ್ನಡಿ ಇದೆ. ಯೋಡೋಕ್ ಇಳಿಯತೊಡಗಿದಾಗ ಕನ್ನಡಿಯಲ್ಲಿ ನೋಡಿದೆ. ಅಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು: ಮೊರ್ಡೀನ, ಅದರ ಸಂದು, ಅದರ ಕೆಳಗೆ ಮದುವೆಗೆ ಮುಂಚಿನಿಂದ ನಾನೊಬ್ಬಳೇ ಗುಟ್ಟಾಗಿ ಹೋಗಿ ಇಳಿಯುತ್ತಿದ್ದ ಇಳಿಜಾರು. ಬಿಯರ್ ಉಕ್ಕಿ ಕೈಮೇಲೆ ಹರಿಯಿತು.

ಯಾರಿಗಾದರೂ ಗೊತ್ತಾಯಿತೇ ಎಂದು ತಿರುಗಿ ನೋಡಿದೆ. ಬೇಕರಿಯವನು ಕತ್ತು ಓರೆ ಮಾಡಿಕೊಂಡಿದ್ದ. ಸ್ಕೂಲಿನ ಟೀಚರಮ್ಮನೂ ಓರೆ ಮಾಡಿದ್ದರು. ಅಂಚೆಯವನು ನೆಲ ನೋಡುತ್ತಿದ್ದ. ಹಾಲ್ ತುಂಬ ಕತ್ತು ಉಳುಕಿದವರೇ ಕೂತಂತಿತ್ತು. ಪರದೆಯ ಮೇಲೆ ಯೋಡೋಕ್ ಒಂದಿಷ್ಟೂ ಅವಸರವಿಲ್ಲದೆ, ಉದ್ದುದ್ದ ತಿರುವು ತೆಗೆದುಕೊಂಡು, ಸೊಂಟದವರೆಗೆ ಹಿಮ ಎಬ್ಬಿಸಿಕೊಂಡು ಬರುತ್ತಿದ್ದ.

"ಸೆವೆರಿನ್ ಅವ್ರೇ, ಇದು ಯಾವ ಜಾಗ?" ಎಂದು ಫಾದರ್ ಕೇಳಿದರು.

"ಸ್ವಿಟ್ಜರ್ಲೆಂಡ್, ಫಾದರ್."

ಹೌದು, ಸ್ವಿಟ್ಜರ್ಲೆಂಡೇ, ಎಂದ ಬೇಕರಿಯವನು, ಅವನನ್ನು ಯಾರೂ ಕೇಳಿರಲಿಲ್ಲ. ತಮ್ಮ ನಾದಿನಿ ಅಲ್ಲೇ ಇರುವುದು ಎಂದರು ಟೀಚರಮ್ಮ. ಅಲ್ಲಿಯ ಹಿಮದ ಬಣ್ಣವೇ ಬೇರೆ ಎಂದು ಕೌಂಟರಿನಿಂದ ನಾನೂ ಕೂಗಿದೆ.

ದೀಪ ಹಾಕಿದಾಗ ಯೋಡೋಕ್‌ನ ಕುರ್ಚಿ ಖಾಲಿಯಿತ್ತು. ಬಿಯರ್ ಮುಟ್ಟಿರಲಿಲ್ಲ. ಮರುದಿನ ಬೇಕರಿಯಲ್ಲಿ ಸೆವೆರಿನ್ ಎದುರಾದಾಗ ಯೋಡೋಕ್, "ನೀವು ಮೊದ್ಲು ತಗೊಳ್ಳಿ," ಎಂದು ಪಕ್ಕಕ್ಕೆ ಸರಿದನಂತೆ. ಎತ್ತಿ ಆಡಿಸಿದ ಹುಡುಗನಿಗೆ ನೀವು ಎನ್ನುವುದೆಂದರೆ ಬೈದದ್ದಕ್ಕಿಂತ ಕಡೆ. ಸೆವೆರಿನ್ ನನ್ನ ಅಡುಗೆಮನೆಗೆ ಬಂದು ಕೂತ. ಚೀಸಿನ ಕಡುಬು ಬಡಿಸಿದೆ, ಮುಟ್ಟಲಿಲ್ಲ.

"ಯಾರಿಗೋ ಗೊತ್ತಾಗಿದೆ ಅಕ್ಕ. ಮಾತು ಮುರಿದ್ಬಿಟ್ಟೆ."

ಎಲ್ಲರಿಗೂ ಗೊತ್ತಾಗಿದೆ ಎಂದು ಹೇಳಬೇಕಾದರೆ ನನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಕಡುಬು ಆರುತ್ತಿದೆ, ತಿನ್ನು ಎಂದೆ. ಅವನು ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿ ಶೆಡ್ಡಿನ ಮೂಲೆಯಲ್ಲಿ ತಗಡಿನ ಹಿಂದೆ ಇಟ್ಟ. ಇನ್ನು ಸಿನಿಮಾ ಇಲ್ಲ ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಡಿಸೆಂಬರಿನಲ್ಲಿ ಮೊದಲ ದಪ್ಪ ಹಿಮ ಬಿತ್ತು. ಬೇರೆಯವರು ಕೆಡಿಸುವ ಮುಂಚೆ ಕೊನೆಯದಾಗಿ ಒಮ್ಮೆ ಇಳಿದುಬಿಡೋಣ ಎಂದು ಬೆಳಕು ಹರಿಯುವ ಮೊದಲೇ ಸ್ಕೀ ಹೊತ್ತು ಹತ್ತಿದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು. ಮೇಲೆ ಬೇಕರಿಯವನು ನಿಂತಿದ್ದ, ಅಂಚೆಯವನು ನಿಂತಿದ್ದ, ಸ್ಕೂಲಿಗೆ ಹುಷಾರಿಲ್ಲ ಎಂದು ಹೇಳಿಕಳಿಸಿದ್ದ ಟೀಚರಮ್ಮ ನಿಂತಿದ್ದರು. ಒಂದು ಬಂಡೆಯ ಪಕ್ಕ ಸೆವೆರಿನ್, ಕ್ಯಾಮೆರಾ ಇಲ್ಲದೆ ಬರಿಗೈಯಲ್ಲಿ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ಸ್ವಿಟ್ಜರ್ಲೆಂಡ್ ಇಷ್ಟು ಹತ್ರ ಅಂತ ಗೊತ್ತಿರ್ಲಿಲ್ಲ," ಎಂದರು ಟೀಚರಮ್ಮ.

ವಿಚಾರಿಸಿದರೆ ಒಬ್ಬೊಬ್ಬರೂ ಹರೆಯದಿಂದ ಬರುತ್ತಿದ್ದವರೇ. ಹಿಮದ ಮೇಲೆ ಗೆರೆ ಕಂಡಾಗಲೆಲ್ಲ, ಹೋದ ಸಲದ ನನ್ನದೇ ಇರಬೇಕು ಎಂದುಕೊಂಡು ಸುಮ್ಮನಾಗಿದ್ದವರು. ಅಷ್ಟರಲ್ಲಿ ಕಾಡಿನ ದಾರಿಯಿಂದ ಕೋಲೂರಿಕೊಂಡು ಯೋಡೋಕ್ ಬಂದ. ಇಳಿಯಲಾರದಿದ್ದರೂ ನೋಡಲು ಬಂದಿದ್ದ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಯಾವಾಗಿಂದ ಎಂದು ಕೇಳಿದ. ಬೇಕರಿಯವನು ಹೇಳಿದ. ಯೋಡೋಕ್ ಬಂಡೆಯ ಮೇಲೆ ಕೂತುಬಿಟ್ಟ.

ಸೆವೆರಿನ್ ಹತ್ತಿರ ಹೋಗಿ, ಗುಟ್ಟು ಉಳಿಸಲೆಂದೇ ಫಿಲ್ಮು ಮಗುಚಿದ್ದು, ಆದರೂ ಉಳಿಯಲಿಲ್ಲ, ತಪ್ಪಾಯಿತು ಎಂದ.

"ಜಾಗದ ಮನೆ ಹಾಳಾಗ್ಲಿ," ಎಂದ ಯೋಡೋಕ್. "ನಾನು ಮೊದಲ್ನೇ ತಿರುವು ಎಡಕ್ಕೆ ತಗೊಂಡಿದ್ದು. ಎಡಕ್ಕೆ ತಿರುಗಿದ್ರೆ ಭಾರವೆಲ್ಲ ಬಲಗಾಲಿಗೆ. ಆ ಕೆಟ್ಟ ಮಂಡಿ ಮೇಲೇ ನಿಂತು ಇಳಿದಿದ್ದೆ ಕಣೋ. ನೀನು ತೋರ್ಸಿದ್ರಲ್ಲಿ ಯಾರೋ ಒಳ್ಳೇ ಮಂಡಿ ಮೇಲೆ ಆರಾಮಾಗಿ ಇಳೀತಿದ್ದ. ನನ್ನ ಕೊನೇದು ಅದು. ಅದ್ರಲ್ಲಿ ನಾನೇ ಇಲ್ಲ."

ಮತ್ತೆ ನೀನು ಎಂದಿದ್ದನ್ನು ನಾನು ಗಮನಿಸಿದೆ. ಸೆವೆರಿನ್ ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ಅದನ್ನ ಸರಿ ಮಾಡಿ ತೋರ್ಸು."

"ಸರಿ ಮಾಡಿದ್ರೆ ಬೆಟ್ಟ ಗೊತ್ತಾಗುತ್ತೆ, ಯೋಡೋಕ್."

ಯೋಡೋಕ್ ನಮ್ಮ ಕಡೆ ನೋಡಿದ. "ಯಾರಿಗೆ?"

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮತ್ತೆ ಹೋಟೆಲಿನ ಹಾಲ್ ಜನರಿಂದ ತುಂಬಿತು. ಪೋಸ್ಟರಿಲ್ಲ, ಅಕಾರ್ಡಿಯನ್ ಇಲ್ಲ. ಫಿಲ್ಮನ್ನು ಮೊದಲಿನ ಮಗ್ಗುಲಿಗೆ ತಿರುಗಿಸಿ ಅಂಟಿಸಿದ್ದ. ನಾನು ಈ ಸಲ ಪರದೆಗೇ ಮುಖ ಮಾಡಿ ನಿಂತೆ. ಯೋಡೋಕ್ ಎಡಕ್ಕೆ ತಿರುಗಿದ. ಮುಂದಿನ ಸಾಲಿನಲ್ಲಿ ಅವನ ಕೈ ಬಲ ಮಂಡಿಯ ಮೇಲೆ ಹೋಗಿ ಕೂತಿತು, ಇಳಿದು ಮುಗಿಯುವವರೆಗೂ ಅಲ್ಲೇ ಇತ್ತು. ಹಾಲ್‌ನಲ್ಲಿ ಎಲ್ಲರ ಕತ್ತೂ ನೆಟ್ಟಗಿತ್ತು.

ಫಾದರ್ ಮಾರೆಕ್ ಇಷ್ಟರಲ್ಲಿ ತಮ್ಮ ಕಿಟಕಿಯಿಂದ ಕಾಣುವ ಬೆಟ್ಟಗಳ ಗುರುತು ಹಿಡಿದುಕೊಂಡಿದ್ದರು. ಮುಂದಕ್ಕೆ ಬಾಗಿ, ಸಂದನ್ನು ನೋಡಿ, "ಇದು ನಮ್ಮ ಮೊರ್ಡೀನ ಅಲ್ವಾ?" ಎಂದರು.

ಯೋಡೋಕ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸ್ವಿಟ್ಜರ್ಲೆಂಡ್, ಫಾದರ್," ಎಂದ.